ಕೂಗುವ ಪೆಟ್ಟಿಗೆ, ಕೇಳದ ಕಿವಿ

ನಮ್ಮ ತೋಟಗಳಲ್ಲಿ ಮಂಗಗಳ ಉಪದ್ರವ ಎಷ್ಟೆಂಬುದನ್ನು ಬೆಳೆಗಾರ ಬಾಂಧವರಿಗೆ ವಿವರಿಸಬೇಕಾಗಿಲ್ಲ. ಗರ್ನಾಲು ಸಿಡಿಸಿದರೆ ಮೊದಲನೆಯ ದಿನ ಹಿಂಡಿಗೆ ಹಿಂಡೇ ಗುಡ್ಡೆ ಹತ್ತುತ್ತದೆ. ಎರಡನೆಯ ದಿನ ನಾಲ್ಕು ಮರದಾಚೆ ಹೋಗಿ ಕುಳಿತುಕೊಳ್ಳುತ್ತದೆ. ಮೂರನೆಯ ದಿನ ಸಿಡಿಸಿದವನ ಮುಖವನ್ನೇ ನೋಡುತ್ತ ಬೊಂಡ ತೂತು ಮಾಡುತ್ತದೆ. ಶಬ್ದದ ಹಿಂದೆ ಏನೂ ಇಲ್ಲವೆಂದು ಅದಕ್ಕೆ ತಿಳಿದುಹೋಯಿತು. ಮಂಗನಿಗೆ ಮೂರು ದಿನ ಬೇಕಾದ ಈ ಪಾಠವನ್ನು ನಾನು ಪಂಪ್ ಶೆಡ್ಡಿನಲ್ಲಿ ಒಂದೇ ವಾರದಲ್ಲಿ ಕಲಿತೆ. ಅದರ ಬೆಲೆಯನ್ನೂ ತೆತ್ತೆ. ಆ ಕಥೆಯನ್ನು ಸದಸ್ಯರ ಮುಂದಿಡುವುದರಲ್ಲಿ ನನಗೆ ಸ್ವಲ್ಪ ನಾಚಿಕೆಯೇ ಇದೆ. ಆದರೂ ಇನ್ನೊಬ್ಬರ ಮೋಟಾರು ಉಳಿಯುವುದಾದರೆ ಹೇಳಿಬಿಡುವುದೇ ಮೇಲು.

ಹಿಂದೆಲ್ಲ ಪಂಪಿಗೆ ಒಂದು ಸ್ಟಾರ್ಟರು, ಒಂದು ಹಸುರು ಗುಂಡಿ, ಒಂದು ಕೆಂಪು ಗುಂಡಿ, ಅಷ್ಟೇ. ಈಗ ಬರುವ ಪ್ಯಾನಲ್‌ಗಳಿಗೆ ಪುಟ್ಟ ಪರದೆಯಿದೆ. ವೋಲ್ಟೇಜು ಎಷ್ಟು, ಆಂಪಿಯರ್ ಎಷ್ಟು, ಯಾವ ಫೇಸು ಹೋಗಿದೆ, ಬಾವಿಯಲ್ಲಿ ನೀರುಂಟೋ ಇಲ್ಲವೋ ಎಂದು ಅದು ಹೇಳುತ್ತದೆ. ತಪ್ಪಿದರೆ ಕೂಗುತ್ತದೆ, ದೀಪ ಉರಿಸುತ್ತದೆ, ಮೊಬೈಲಿಗೂ ಸುದ್ದಿ ಕಳಿಸುತ್ತದೆ. ಯಾವಾಗ ಕೂಗಬೇಕು, ಯಾವಾಗ ಪಂಪು ನಿಲ್ಲಿಸಬೇಕು ಎಂಬ ಅಂಕೆಗಳನ್ನು ಮಾತ್ರ ಮನುಷ್ಯನೇ ಹೊಂದಿಸಬೇಕು. ಪೆಟ್ಟಿಗೆಯನ್ನು ಕೊಳ್ಳುವಾಗ ನಾವು ಕಂಪೆನಿಯ ಹೆಸರು ಕೇಳುತ್ತೇವೆ, ಗ್ಯಾರಂಟಿ ಕೇಳುತ್ತೇವೆ. ಈ ಅಂಕೆಗಳ ವಿಚಾರ ಒಬ್ಬರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ನನ್ನದು ಬೆಳ್ಮಣ್ ಪೇಟೆಯಿಂದ ಸ್ವಲ್ಪ ಒಳಗೆ ಮೂರು ಎಕರೆ ಅಡಿಕೆ ತೋಟ. ನಡುವೆ ತೆಂಗು, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಹಳೆಯ ಬಾವಿ ಮಾರ್ಚಿಗೆ ತಳ ಕಾಣುವುದರಿಂದ ಕೊಳವೆ ಬಾವಿಗೆ 5 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಪಂಪು ಇಳಿಸಿದ್ದೇನೆ. ಡಿಸೆಂಬರದಲ್ಲಿ ಹೊಸ ಪ್ಯಾನಲ್ ಕೂರಿಸಲು ಬಂದ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ವೋಲ್ಟೇಜು 390ಕ್ಕಿಂತ ಇಳಿದರೆ ಅಲಾರಂ ಎಂದು ಪೆಟ್ಟಿಗೆಯಲ್ಲಿ ಮೊದಲೇ ಇದ್ದ ಅಂಕೆಯನ್ನು ಹಾಗೆಯೇ ಬಿಟ್ಟ. ಪಂಪು ಆಗ 8 ಆಂಪಿಯರ್ ತೆಗೆದುಕೊಳ್ಳುತ್ತಿತ್ತು. ನೀರಿಲ್ಲದೆ ಓಡಿದರೆ ಆಂಪಿಯರ್ ಇಳಿಯುತ್ತದಷ್ಟೆ. ಅದನ್ನು ಹಿಡಿಯಲು 7.4ರಲ್ಲಿ ಡ್ರೈ ರನ್ ಇಟ್ಟ. ಚಹಾ ಕುಡಿದು ಹೋದ.

415 ವೋಲ್ಟಿನ ಲೈನಿಗೆ ಶೇಕಡಾ 6ರಷ್ಟು ಇಳಿತ ನಿಯಮದಲ್ಲಿ ಒಪ್ಪಿತವಾದದ್ದು. 390 ಎಂಬ ಅಂಕೆ ಅಲ್ಲಿಂದಲೇ ಬಂದಿರಬೇಕು. ಕಾಗದದ ಮೇಲೆ ಅದು ಸರಿ. ಆದರೆ ಲೈನಿನ ತುದಿಯಲ್ಲಿರುವ ನಮ್ಮ ಮನೆಗೆ ಸಂಜೆಯಾದರೆ 370 ಬಂದರೆ ಪುಣ್ಯ. ಹೀಗಾಗಿ ಪ್ರತಿ ಸಂಜೆ ದೀಪ ಹೊತ್ತಿಸುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಕೂಗತೊಡಗಿತು. ಮೊದಲ ಎರಡು ದಿನ ಟಾರ್ಚು ಹಿಡಿದು ಓಡಿದೆ. ಮೂರನೆಯ ದಿನ ನಡೆದು ಹೋದೆ. ಆಮೇಲೆ ಹೋಗಲೇ ಇಲ್ಲ. ಮಾರ್ಚಿನಲ್ಲಿ ಡ್ರೈ ರನ್ ಕೂಡ ಆರಂಭವಾಯಿತು: ನೀರು ಬರುತ್ತಲೇ ಇದೆ, ಪಂಪು ಮಾತ್ರ ತಾನಾಗಿ ನಿಲ್ಲುತ್ತದೆ. ಮೆಕ್ಯಾನಿಕ್‌ಗೆ ಫೋನು ಮಾಡಿ, "ಈ ಕಿರಿಕಿರಿ ಒಮ್ಮೆ ತೆಗೆದುಬಿಡು ಮಾರಾಯ" ಎಂದೆ. ಅವನು ಬಂದು ಕೂಗನ್ನೂ ಬಂದ್ ಮಾಡಿದ, ಡ್ರೈ ರನ್‌ಗೆ ಪಂಪು ನಿಲ್ಲದಂತೆಯೂ ಮಾಡಿದ. ಒಂದು ಕೆಂಪು ದೀಪ ಮಾತ್ರ ಉಳಿಯಿತು. ಎಲ್ಲ ದೂರಿಗೂ ಅದೊಂದೇ ದೀಪ.

ಏಪ್ರಿಲ್ ಎರಡನೆಯ ವಾರ. ಬೆಳಿಗ್ಗೆ ಹಾಲು ಕರೆದು ಬಂದ ನನ್ನ ಹೆಂಡತಿ ಕೇಳಿದಳು: "ಪಂಪ್ ಶೆಡ್ಡಿನ ಕೆಂಪು ದೀಪ ಇನ್ನೂ ಉರಿಯುತ್ತಾ ಉಂಟಲ್ಲ, ನೋಡಿದಿರಾ?" ನಾನು ಪೇಪರಿನಿಂದ ತಲೆ ಎತ್ತಲಿಲ್ಲ. "ಅದು ಯಾವಾಗಲೂ ಉರಿಯುವುದೇ ಮಾರಾಯ್ತಿ" ಎಂದೆ. ಸಂಜೆ ಉರಿಯುವ ದೀಪ ಬೆಳಿಗ್ಗೆ ಯಾಕೆ ಉರಿಯುತ್ತದೆ ಎಂದು ಆಕೆ ಯೋಚಿಸಿದ್ದಳು, ನಾನು ಯೋಚಿಸಲಿಲ್ಲ. ಹಿಂದಿನ ರಾತ್ರಿ ಕೊಳವೆ ಬಾವಿಯ ನೀರು ಪಂಪಿನ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ದೀಪ ಅದನ್ನೇ ಹೇಳುತ್ತಿತ್ತು. ನನಗೆ ಒಂದು ಇಡೀ ಹಗಲಿನ ಅವಕಾಶವಿತ್ತು. ಆ ರಾತ್ರಿ ಕರೆಂಟು ಬಂದಾಗ ಪಂಪು ಪುನಃ ತಾನಾಗಿ ಶುರುವಾಗಿ ಒಣ ಬಾವಿಯಲ್ಲಿ ಗಂಟೆಗಟ್ಟಲೆ ತಿರುಗಿತು. ಸಬ್‌ಮರ್ಸಿಬಲ್ ಮೋಟಾರನ್ನು ತಣಿಸುವುದು ಸುತ್ತಲೂ ಹರಿಯುವ ನೀರೇ. ನೀರಿಲ್ಲದೆ ಹೋದರೆ ಬುಷ್ ಸವೆಯುತ್ತದೆ, ವೈಂಡಿಂಗ್ ಸುಡುತ್ತದೆ. ಸುಟ್ಟಿತು. ಪಂಪು ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಪುನಃ ಇಳಿಸುವಾಗ ಹನ್ನೊಂದು ದಿನ. ಆ ಬಿಸಿಲಿಗೆ ನಳ್ಳಿ ಉದುರಿದ್ದನ್ನು ಬುಡದಲ್ಲಿ ನೋಡಿದವರಿಗೇ ಗೊತ್ತು. ವೈಂಡಿಂಗಿನ ಖರ್ಚು ಒಂದು ಸಲದ್ದು; ಉದುರಿದ ನಳ್ಳಿಯ ಲೆಕ್ಕ ಮರುವರ್ಷದ ಕೊಯ್ಲಿನಲ್ಲಿ ಬರುತ್ತದೆ.

ತಪ್ಪು ಯಾರದು? ಮೆಕ್ಯಾನಿಕ್‌ನದೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಆದರೆ ತೆಗೆದುಬಿಡು ಎಂದವನು ನಾನು.

ಮನೆಗೆ ಬಂದ ಎಂಜಿನಿಯರ್ ನೆಂಟರೊಬ್ಬರು ಇದನ್ನು ಕೇಳಿ, "ನಿಮ್ಮದು ಒಂದು ಮೋಟಾರು, ಲೋಕದಲ್ಲಿ ಇದೇ ಕಾರಣಕ್ಕೆ ದೊಡ್ಡ ದೊಡ್ಡ ಸ್ಥಾವರಗಳೇ ಹೋಗಿವೆ" ಎಂದರು. ಅವರು ಹೇಳಿದ ಎರಡು ಪ್ರಸಂಗಗಳು ನಾವೆಲ್ಲ ತಿಳಿಯತಕ್ಕಂಥವು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅವಘಡವಾದಾಗ ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂ ಒಟ್ಟಿಗೆ ಮೊಳಗಿದವು. ಮುಖ್ಯವಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವ ದಾರಿಯೇ ಅಲ್ಲಿದ್ದವರಿಗೆ ಇರಲಿಲ್ಲ. ಮೇಲಾಗಿ ಒಂದು ವಾಲ್ವು ಮುಚ್ಚಿದೆ ಎಂದು ಅವರು ನಂಬಿದ್ದು ಒಂದು ದೀಪವನ್ನು ನೋಡಿ. ಆ ದೀಪ ತೋರಿಸುತ್ತಿದ್ದುದು ಮುಚ್ಚು ಎಂಬ ಅಪ್ಪಣೆ ಹೋಗಿದೆ ಎಂಬುದನ್ನು ಮಾತ್ರ. ವಾಲ್ವು ತೆರೆದೇ ಇತ್ತು. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಮಿಲ್ಫರ್ಡ್ ಹೇವನ್ ಎಂಬಲ್ಲಿ ಎಣ್ಣೆ ಶುದ್ಧೀಕರಣ ಕಾರ್ಖಾನೆ ಸ್ಫೋಟಗೊಂಡು 26 ಮಂದಿ ಗಾಯಗೊಂಡರು. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ನೌಕರರ ಎದುರು ಬಂದ ಅಲಾರಂಗಳು 275. ಹೆಚ್ಚಿನವಕ್ಕೆಲ್ಲ ತುರ್ತು ಎಂಬ ಮುದ್ರೆಯಿತ್ತು. ಎಲ್ಲವೂ ತುರ್ತಾದರೆ ಯಾವುದೂ ತುರ್ತಲ್ಲ. ಇದರ ನಂತರ 1999ರಲ್ಲಿ ಬ್ರಿಟನ್ನಿನ ಎಂಜಿನಿಯರುಗಳು ಒಂದು ಮಾರ್ಗದರ್ಶಿ ಹೊರಡಿಸಿದರು. ಒಬ್ಬ ಮನುಷ್ಯನಿಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು ಎಂಬುದು ಅದರ ಸಾರಗಳಲ್ಲೊಂದು. ಅದೇ ಕೆಲಸಕ್ಕೆಂದು ಕುಳಿತ, ಸಂಬಳ ಪಡೆಯುವ ಮನುಷ್ಯನಿಗೆ ಈ ಲೆಕ್ಕ. ದನ, ಗೊಬ್ಬರ, ಕೊಯ್ಲು, ಮಕ್ಕಳ ಶಾಲೆ ಎಲ್ಲವನ್ನೂ ಹೊತ್ತ ನಮಗೆ ಎಷ್ಟು ಬರಬೇಕು? ನನ್ನ ಅಭಿಪ್ರಾಯದಲ್ಲಿ ತಿಂಗಳಿಗೆ ಒಂದೆರಡು ಬಂದರೆ ಸಾಕು, ಬಂದಾಗ ಓಡಲೇಬೇಕು.

ಹಾಗೆಂದು ಇದನ್ನೆಲ್ಲ ಕಿತ್ತು ಹಾಕಿ ಹಳೆಯ ಸ್ಟಾರ್ಟರಿಗೇ ಹೋಗೋಣ ಎನ್ನುವ ಸದಸ್ಯರ ಮಾತನ್ನು ನಾನು ಒಪ್ಪಲಾರೆ. ಹಳೆಯ ಸ್ಟಾರ್ಟರಿನ ಕಾಲದಲ್ಲಿ ಪಂಪಿನ ಸದ್ದು ಕೇಳಿ ನೀರು ಕಡಿಮೆಯಾಗಿದೆ ಎಂದು ಹೇಳುವ ಆಳು ಶೆಡ್ಡಿನ ಪಕ್ಕದಲ್ಲಿದ್ದ. ಈಗ ಆಳೂ ಇಲ್ಲ, ಸದ್ದು ಕೇಳಲು ಪಂಪು ನೆಲದಾಳದಲ್ಲಿದೆ. ಎಷ್ಟೋ ಮನೆಗಳಲ್ಲಿ ಇರುವವರು ವಯಸ್ಸಾದ ಇಬ್ಬರೇ. ಪೆಟ್ಟಿಗೆ ಬೇಕು. ಅದನ್ನು ಹೊಂದಿಸುವ ಕ್ರಮ ತಿಳಿದಿರಬೇಕು.

ಮೊದಲನೆಯದಾಗಿ, ಒಬ್ಬರು ಎದ್ದು ಹೋಗಿ ಏನನ್ನಾದರೂ ಮಾಡಬೇಕಾದ ವಿಷಯಕ್ಕೆ ಮಾತ್ರ ಅಲಾರಂ ಇರಲಿ. ಸಂಜೆಯ ವೋಲ್ಟೇಜು ಇಳಿದರೆ ನಾನು ಟಾರ್ಚು ಹಿಡಿದು ಹೋಗಿ ಮಾಡುವುದೇನು? ಏನೂ ಇಲ್ಲ. ಅದಕ್ಕೆ ಪಂಪು ತಾನಾಗಿ ನಿಂತು, ವೋಲ್ಟೇಜು ಸರಿಯಾದಾಗ ತಾನಾಗಿ ಹೊರಟರೆ ಸಾಕು, ಕೂಗುವ ಅಗತ್ಯವಿಲ್ಲ. ನೀರು ತಪ್ಪಿದಾಗ, ಓವರ್ ಲೋಡ್ ಆದಾಗ ಮಾತ್ರ ಪಂಪು ನಿಲ್ಲಲೂ ಬೇಕು, ಕೂಗಲೂ ಬೇಕು, ಮನುಷ್ಯ ನೋಡುವ ತನಕ ಪುನಃ ಹೊರಡಲೂ ಬಾರದು. ಒಂದು ಫೇಸು ಹೋದಾಗ ಉಳಿದೆರಡರಲ್ಲಿ ಕರೆಂಟು ಸುಮಾರು ಒಂದೂ ಮುಕ್ಕಾಲು ಪಟ್ಟು ಏರುತ್ತದೆ. ಅಲ್ಲಿ ಪಂಪು ನಿಲ್ಲುವುದಕ್ಕೆ ಕೆಲವೇ ಸೆಕೆಂಡಿಗಿಂತ ಹೆಚ್ಚು ಕೊಡಬಾರದು.

ಎರಡನೆಯದಾಗಿ, ಅಂಕೆ ನಮ್ಮ ಬಾವಿಯದಾಗಿರಲಿ, ಕಾರ್ಖಾನೆಯದಲ್ಲ. ಒಂದು ವಾರ ಬೆಳಿಗ್ಗೆ ಸಂಜೆ ಪರದೆ ನೋಡಿ ವೋಲ್ಟೇಜು, ಆಂಪಿಯರ್ ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಬಾವಿಯ ನೀರು ಕೆಳಗಿಳಿದಂತೆ ಪಂಪು ಎತ್ತುವ ನೀರು ಕಡಿಮೆಯಾಗಿ ಆಂಪಿಯರೂ ಇಳಿಯುತ್ತದೆ. ಡಿಸೆಂಬರದಲ್ಲಿ 8 ಇದ್ದದ್ದು ನನ್ನಲ್ಲಿ ಮಾರ್ಚಿಗೆ 7.1 ಆಗಿತ್ತು. 7.4ರಲ್ಲಿ ಇಟ್ಟ ಡ್ರೈ ರನ್ ಸುಮ್ಮಸುಮ್ಮನೆ ಪಂಪು ನಿಲ್ಲಿಸಿದ್ದು ಇದರಿಂದಲೇ. ಪೂರ್ತಿ ನೀರಿಲ್ಲದಾಗ ಅದು 4.5ರ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಈಗ 5.8ರಲ್ಲಿ ಇಟ್ಟಿದ್ದೇನೆ: ಬೇಸಿಗೆಯ ಅಂಕೆಗೂ ಒಣ ಬಾವಿಯ ಅಂಕೆಗೂ ನಡುವೆ. ಓವರ್ ಲೋಡ್ ಅಂಕೆ ಮಾತ್ರ ಯಾವ ಕಾರಣಕ್ಕೂ ಮೋಟಾರಿನ ತಗಡಿನ ಮೇಲೆ ಬರೆದ ಆಂಪಿಯರಿಗಿಂತ ಮೇಲೆ ಹೋಗಬಾರದು. ಕಡಿಮೆ ವೋಲ್ಟೇಜಿನ ಮಿತಿಗೂ ಆ ತಗಡನ್ನೇ ನೋಡಬೇಕು.

ಮೂರನೆಯದಾಗಿ, ಅಂತರ ಮತ್ತು ತಡ. 350ರಲ್ಲಿ ನಿಂತ ಪಂಪು 351 ಬಂದೊಡನೆ ಹೊರಟರೆ, ಹೊರಟ ಎಳೆತಕ್ಕೆ ವೋಲ್ಟೇಜು ಪುನಃ ಇಳಿದು ನಿಲ್ಲುತ್ತದೆ. ರಾತ್ರಿಯಿಡೀ ಇದೇ ಆಟ. ನಿಲ್ಲುವ ಅಂಕೆಗೂ ಹೊರಡುವ ಅಂಕೆಗೂ ಇಪ್ಪತ್ತು ಇಪ್ಪತ್ತೈದು ವೋಲ್ಟು ಅಂತರ ಇರಲಿ. ಕ್ಷಣಮಾತ್ರದ ಇಳಿತಕ್ಕೆ ನಿಲ್ಲದಂತೆ ಐದಾರು ಸೆಕೆಂಡು ತಡವೂ ಇರಲಿ.

ಮೊಬೈಲಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಅನೇಕರ ಪ್ಯಾನಲಿಗೆ ಸೇರಿಸಿದ ನಂಬರು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಬಾಯಿಯಲ್ಲೋ ಇರುವ ಮಗನದು. ಸ್ಮಾರ್ಟ್ ಫೋನು ಇರುವುದು ಅವನಲ್ಲಿ ಎಂಬ ಕಾರಣಕ್ಕೆ. ಬೆಳ್ಮಣ್‌ನ ಬಾವಿ ಒಣಗಿದ ಸುದ್ದಿ ಮುಂಬಯಿಯಲ್ಲಿ ನಿದ್ದೆ ಮಾಡುವವನಿಗೆ ಹೋಗಿ ಪ್ರಯೋಜನವಿಲ್ಲ. ಪಂಪಿನ ಬುಡಕ್ಕೆ ಕಾಲು ನಡೆದು ಹೋಗಬಲ್ಲವರ ನಂಬರು ಮೊದಲು, ಮಗನದು ಆಮೇಲೆ.

ಇನ್ನು ಒಬ್ಬರಿಂದಾಗದೆ ಎಲ್ಲರೂ ಸೇರಿ ಮಾಡಬೇಕಾದ ಕೆಲಸವೊಂದಿದೆ. 63 ಕೆವಿಎ ಟ್ರಾನ್ಸ್‌ಫಾರ್ಮರಿನ ಶಕ್ತಿ ಸುಮಾರು 85 ಆಂಪಿಯರ್. ನನ್ನಂಥ ಹತ್ತು ಪಂಪುಗಳು ಓಡುತ್ತಿರುವಾಗ 80 ಆಂಪಿಯರ್, ಹೇಗೋ ತಾಳುತ್ತದೆ. ಆದರೆ ನೇರವಾಗಿ ಹೊರಡುವ ಮೋಟಾರು ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತದೆ. ಹೋದ ಕರೆಂಟು ಬಂದೊಡನೆ ಹತ್ತು ಮನೆಯ ಪೆಟ್ಟಿಗೆಗಳು ಒಂದೇ ಕ್ಷಣದಲ್ಲಿ ಹೊರಟರೆ 400 ಆಂಪಿಯರಿಗೂ ಮೇಲಾಯಿತು. ವೋಲ್ಟೇಜು ಕುಸಿಯುತ್ತದೆ, ಫ್ಯೂಸು ಹೋಗುತ್ತದೆ, ನಾವು ಲೈನ್‌ಮ್ಯಾನನ್ನು ಬೈಯುತ್ತೇವೆ. ಪ್ಯಾನಲಿನಲ್ಲಿ ಆನ್ ಡಿಲೇ ಎಂಬ ಅಂಕೆಯೊಂದಿದೆ. ಕರೆಂಟು ಬಂದ ಎಷ್ಟು ಹೊತ್ತಿಗೆ ಹೊರಡಬೇಕೆಂದು ಅದು ಹೇಳುತ್ತದೆ. ಮೊದಲ ಮನೆಗೆ 30 ಸೆಕೆಂಡು, ಎರಡನೆಯದಕ್ಕೆ 60, ಹೀಗೆ ಹತ್ತನೆಯ ಮನೆ ಐದು ನಿಮಿಷಕ್ಕೆ ಹೊರಟರೆ ಯಾರಿಗೂ ನಷ್ಟವಿಲ್ಲ. ಒಂದು ಪೈಸೆ ಖರ್ಚಿಲ್ಲ. ಬೇಕಾದದ್ದು ನೆರೆಯವನೊಡನೆ ಹತ್ತು ನಿಮಿಷದ ಮಾತುಕತೆ ಮಾತ್ರ. ಗಡಿಯ ತಕರಾರಿನಿಂದ ಮಾತು ಬಿಟ್ಟವರೂ ಟ್ರಾನ್ಸ್‌ಫಾರ್ಮರಿನ ನೆಪದಲ್ಲಾದರೂ ಮಾತಾಡಲಿ.

ಘಟ್ಟದ ಮೇಲಿನ ಕಾಫಿ ಬೆಳೆಗಾರ ಸದಸ್ಯರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಡುವ ಕೆಲವು ದಿನಗಳಲ್ಲಿ ಮೋಟಾರು ಕೈಕೊಟ್ಟರೆ ವರ್ಷದ ಫಸಲೇ ಕೈಬಿಟ್ಟಂತೆ.

ಕೊನೆಯದಾಗಿ ಸಂಘದ ಆಡಳಿತ ಮಂಡಳಿಯವರಲ್ಲಿ ನನ್ನ ಸೂಚನೆಗಳು. ಸಂಘದ ಮೂಲಕ ಪಂಪು, ಪ್ಯಾನಲ್ ಕೊಳ್ಳುವಾಗಲೂ ಅದಕ್ಕೆ ಸಾಲ ಕೊಡುವಾಗಲೂ ಮಾರುವವರಿಂದ ಮೂರು ವಿಷಯ ಬರೆಸಿಕೊಳ್ಳತಕ್ಕದ್ದು. ಒಂದು, ಹೊಂದಿಸಿದ ಎಲ್ಲ ಅಂಕೆಗಳನ್ನೂ ಕನ್ನಡದಲ್ಲಿ ಬರೆದ ಹಾಳೆ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿರಬೇಕು. ಬದಲಾಯಿಸಿದವರು ತಾರೀಕು ಹಾಕಿ ಸಹಿ ಮಾಡಬೇಕು. ಎರಡು, ಅಂಕೆ ಬದಲಾಯಿಸುವ ಗುಪ್ತ ಸಂಖ್ಯೆ ತೋಟದ ಯಜಮಾನನ ಕೈಯಲ್ಲಿರಬೇಕು. ಮೂರು, ಡಿಸೆಂಬರದಲ್ಲಿ ಕೂರಿಸಿದವರು ಮಾರ್ಚ್ ಕೊನೆಗೆ ಇನ್ನೊಮ್ಮೆ ಬಂದು ಅಂಕೆ ನೋಡಿ ಹೋಗಬೇಕು. ನವೆಂಬರದಲ್ಲಿ ಟ್ರಾನ್ಸ್‌ಫಾರ್ಮರಿಗೊಂದರಂತೆ ಸದಸ್ಯರ ಸಣ್ಣ ಸಭೆ ಕರೆದರೆ ಆನ್ ಡಿಲೇ ಹಂಚಿಕೆಯೂ ಮುಗಿಯುತ್ತದೆ. ಪೆಟ್ಟಿಗೆಯ ಒಳಗೆ ಕೈ ಹಾಕುವ ಕೆಲಸ ಲೈಸೆನ್ಸಿರುವವರಿಗೇ ಇರಲಿ. ಹೊರಗಿನ ಪರದೆಯ ಅಂಕೆ ಓದುವುದು ಮಾತ್ರ ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಲಿ.

ನನ್ನ ಶೆಡ್ಡಿನ ದೀಪ ಈಗ ಆರಿದೆ. ಕಳೆದ ಎರಡು ತಿಂಗಳಲ್ಲಿ ಒಂದೇ ಸಲ ಹೊತ್ತಿತು. ಅದನ್ನು ಮೊದಲು ನೋಡಿದವಳು ಈ ಸಲವೂ ನನ್ನ ಹೆಂಡತಿಯೇ. ನಾನು ಚಹಾದ ಲೋಟ ಅಲ್ಲಿಯೇ ಬಿಟ್ಟು ಎದ್ದೆ.

— ಬೆಳ್ಮಣ್‌ನ ಓರ್ವ ಸದಸ್ಯ