ನಾಣ್ಯವೂ ಒಂದು ಪಠ್ಯ: ವಿಜಯಪುರ ಪರಿಸರದ ನಾಣ್ಯಾಧ್ಯಯನವನ್ನು ಕುರಿತು

ಕನ್ನಡ ಸಂಶೋಧನೆಯಲ್ಲಿ ಶಾಸನ ಹಾಗೂ ಹಸ್ತಪ್ರತಿಗಳಿಗೆ ದೊರೆತ ಸ್ಥಾನ ನಾಣ್ಯಗಳಿಗೆ ದೊರೆತಿಲ್ಲ. ದಾನಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳನ್ನು ಓದುವ ವಿದ್ವಾಂಸರಲ್ಲಿ ಹಲವರು ಆ ಪದಗಳು ಸೂಚಿಸುವ ಲೋಹದ ತುಣುಕನ್ನು ಕೈಯಲ್ಲಿ ಹಿಡಿದು ನೋಡಿರುವುದಿಲ್ಲ. ನಾಣ್ಯವು ಇತಿಹಾಸ ವಿಭಾಗದ ಅಥವಾ ಹವ್ಯಾಸಿ ಸಂಗ್ರಾಹಕರ ಸೊತ್ತು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲ. ನಾಣ್ಯವನ್ನು ಗುರುತಿಸುವ ಕ್ರಮವು ಮೂಲತಃ ಗ್ರಂಥಸಂಪಾದನೆಯ ಕ್ರಮವೇ ಆಗಿದೆ. ವಿಜಯಪುರದ ನಾಣ್ಯಗಳು ಇದಕ್ಕೆ ಉತ್ತಮ ನಿದರ್ಶನ.

ಎರಡನೆಯ ಅಲಿ ಆದಿಲಶಹನ (1656-1672) 'ಲಾರಿ' ನಾಣ್ಯ ದುಂಡಗಿಲ್ಲ. ಅದು ನಡುವೆ ಮಡಿಸಿ, ಚಪ್ಪಟೆಗೊಳಿಸಿ, ಒಕ್ಕಣೆ ಒತ್ತಿದ ಬೆಳ್ಳಿಯ ತಂತಿ. ಪರ್ಶಿಯಾದ ಲಾರ್ ಪಟ್ಟಣದಿಂದ ಹೆಸರು ಪಡೆದ ಈ ನಾಣ್ಯಪ್ರಕಾರ ಅರಬ್ಬೀ ಸಮುದ್ರದ ವ್ಯಾಪಾರದಲ್ಲಿ ಪ್ರಚಲಿತವಾಗಿತ್ತು. ತಂತಿಗಿಂತ ಅಚ್ಚು ಅಗಲವಾದುದರಿಂದ ಒಂದೊಂದು ನಾಣ್ಯದ ಮೇಲೆ ಒಕ್ಕಣೆಯ ಒಂದೊಂದು ಭಾಗ ಮಾತ್ರ ಮೂಡಿದೆ. ಒಂದರಲ್ಲಿ ಅರಸನ ಹೆಸರಿನ ತುಣುಕು, ಇನ್ನೊಂದರಲ್ಲಿ ಹಿಜರಿ ವರ್ಷದ ಅಂಕಿ. ಹಲವನ್ನು ಹೋಲಿಸಿದಾಗಲೇ ಪೂರ್ಣಪಾಠ ಸಿದ್ಧಿಸುತ್ತದೆ. ತ್ರುಟಿತ ಓಲೆಪ್ರತಿಗಳಿಂದ ಪದ್ಯವೊಂದನ್ನು ಉದ್ಧರಿಸುವವರಿಗೆ ಈ ಕೆಲಸ ಅಪರಿಚಿತವಲ್ಲ. ಹಿಜರಿ 1071 ಎಂಬುದನ್ನು ಕ್ರಿ.ಶ. 1660-61 ಎಂದು ಹೊಂದಿಸುವುದು ಶಕವರ್ಷವನ್ನು ಹೊಂದಿಸುವಷ್ಟೇ ಸಾಧ್ಯವಾದ ಕೆಲಸ.

ಎರಡನೆಯ ಇಬ್ರಾಹಿಂ ಆದಿಲಶಹನ (1580-1627) ತಾಮ್ರದ ನಾಣ್ಯಗಳ ಸಮಸ್ಯೆ ಬೇರೆ. ಅವುಗಳಲ್ಲಿ 'ಇಬ್ರಾಹಿಂ ಅಬಲಾ ಬಲಿ' ಎಂಬ ಒಕ್ಕಣೆಯನ್ನು ಓದಲಾಗಿದೆ. ಲಿಪಿ ಪರ್ಶಿಯನ್, ಆದರೆ ಬಿರುದನ್ನು 'ಅಬಲರಿಗೆ ಬಲವಾದವನು' ಎಂಬ ಅರ್ಥದ ಸಂಸ್ಕೃತವೆಂದು ವಿವರಿಸಲಾಗಿದೆ. ಪರ್ಶಿಯನ್ ಮಾತ್ರ ಬಲ್ಲವರು ಪದದಲ್ಲಿ ಎಡವುತ್ತಾರೆ. ಸಂಸ್ಕೃತ-ಕನ್ನಡ ಮಾತ್ರ ಬಲ್ಲವರು ಲಿಪಿಯಲ್ಲಿ ಎಡವುತ್ತಾರೆ. ಇಬ್ಬರೂ ಒಟ್ಟಿಗೆ ಕುಳಿತು ಓದಬೇಕಾದ ಪಠ್ಯವಿದು.

ನಕಲುಗಳ ಸಮಸ್ಯೆಯನ್ನು ತಿಳಿಯಲು ವಿಜಯಪುರದ ಆಚೆಗೂ ನೋಡಬೇಕು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಉತ್ತರಕಾಲೀನ ರೋಮನ್ ಚಿನ್ನದ ನಾಣ್ಯಗಳ ನಿಧಿ ದೊರೆತಿದೆ. ಆ ಕಾಲದ ಸಾಲಿಡಸ್ ನಾಣ್ಯ ಸುಮಾರು 4.5 ಗ್ರಾಂ ತೂಗುತ್ತದೆ. ದಕ್ಷಿಣ ಭಾರತದಲ್ಲಿ ದೊರೆಯುವ ಇಂತಹ ನಾಣ್ಯಗಳಲ್ಲಿ ಕೊರಳಿಗೆ ಧರಿಸಲು ತೂತು ಕೊರೆದವುಗಳಿವೆ, ಸ್ಥಳೀಯ ಅನುಕರಣೆಗಳೂ ಇವೆ. ಅನುಕರಣೆಯಲ್ಲಿ ಅಕ್ಷರಗಳು ಅರ್ಥಹೀನ ಗೀರುಗಳಾಗಿರುತ್ತವೆ. ಲಿಪಿ ಅರಿಯದ ಲಿಪಿಕಾರನ ಸ್ಖಾಲಿತ್ಯದಂತೆಯೇ ಇದು. ಅಂತಹ ನಾಣ್ಯದ ಕಾಲವನ್ನು ಚಕ್ರವರ್ತಿಯ ಆಳ್ವಿಕೆಯಿಂದಲೇ ನಿರ್ಧರಿಸಲಾಗದು. ಅದು ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು.

ಪಾಠದಷ್ಟೇ ಮುಖ್ಯವಾದುದು ದೊರೆತ ಸ್ಥಳ. ಚಿನ್ನದ ಹೊನ್ನು ಅರಮನೆ ಹಾಗೂ ಭಂಡಾರದ ಕಥೆ ಹೇಳಿದರೆ ತಾಮ್ರದ ಕಾಸು ಸಂತೆಯ ಕಥೆ ಹೇಳುತ್ತದೆ. ತಿಕೋಟಾ ಅಥವಾ ಬಬಲೇಶ್ವರದ ಹೊಲದಲ್ಲಿ ಸಿಕ್ಕ ಒಂದು ತಾಮ್ರದ ನಾಣ್ಯ, ರಾಜಧಾನಿಯ ಚಿಲ್ಲರೆ ಹಣ ಕನ್ನಡ ಒಕ್ಕಲಿಗನ ಕೈಗೆ ತಲುಪಿತ್ತೆ ಎಂಬ ಪ್ರಶ್ನೆಗೆ ಸಾಕ್ಷ್ಯವಾಗಬಲ್ಲದು. ಅದೇ ನಾಣ್ಯ ವಿಜಯಪುರದ ಪೇಟೆಗೆ ಬಂದು ಊರಿನ ಗುರುತು ಕಳೆದುಕೊಂಡರೆ ಆ ಸಾಕ್ಷ್ಯ ಅಳಿಯುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಒಕ್ಕಣೆ ಸವೆಯುತ್ತದೆ. ಮೂಸೆಗೆ ಬಿದ್ದರೆ ಏನೂ ಉಳಿಯದು. ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ 1878ರಷ್ಟು ಹಿಂದೆಯೇ ಬಂದಿದ್ದರೂ ಕಾಯ್ದೆಯ ಭಯ ಮಾತ್ರದಿಂದ ಮಾಹಿತಿ ಹೊರಬರುವುದಿಲ್ಲ. ಅದಕ್ಕೆ ವಿಶ್ವಾಸ ಬೇಕು.

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ನೆಲೆಸಿ, ತಾಡವೋಲೆಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಜನರ ಮನೆಗಳಲ್ಲಿದ್ದ ಪ್ರತಿಗಳು ಆ ವಿಶ್ವಾಸದಿಂದಲೇ ಹೊರಬಂದವು. ನಾಣ್ಯಗಳ ವಿಷಯದಲ್ಲಿಯೂ ಅದೇ ಮಾರ್ಗ ಯೋಗ್ಯ. ಹಸ್ತಪ್ರತಿಶಾಸ್ತ್ರ ಕಲಿಸುವ ಕನ್ನಡ ವಿಭಾಗಗಳು ಅದರೊಂದಿಗೆ ನಾಣ್ಯವಾಚನವನ್ನೂ, ಪರ್ಶಿಯನ್ ಲಿಪಿಯ ಪ್ರಾಥಮಿಕ ಪರಿಚಯವನ್ನೂ ಸೇರಿಸಬೇಕು. ತೂಕ, ಅಳತೆ, ಎರಡೂ ಮುಖಗಳ ಛಾಯಾಚಿತ್ರ, ಕಂಡಷ್ಟೇ ಅಕ್ಷರಗಳ ಪಾಠ, ದೊರೆತ ಊರು: ಈ ಐದನ್ನು ದಾಖಲಿಸಿ, ನಾಣ್ಯವನ್ನು ಉಜ್ಜದೆ, ಕೊಳ್ಳದೆ, ಕಾನೂನಿನಂತೆ ಒಪ್ಪಿಸುವಂತೆ ಅದು ದೊರೆತವರಿಗೆ ತಿಳಿಹೇಳುವ ಒಬ್ಬ ವಿದ್ಯಾರ್ಥಿ ತಾಲೂಕಿಗೊಬ್ಬನಿದ್ದರೂ ಮೂಸೆಗೆ ಬೀಳುವ ಎಷ್ಟೋ ಪಠ್ಯಗಳು ಉಳಿಯುತ್ತವೆ.