ಮಗುವಲ್ಲ, ರಕ್ತದ ಹನಿ ಮೈಸೂರಿಗೆ ಬರಲಿ

ಗಾವಡಗೆರೆಯಂಥ ಹೋಬಳಿ ಕೇಂದ್ರದಿಂದಾಗಲಿ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದಾಗಲಿ ಹಸುಗೂಸನ್ನು ರಕ್ತಪರೀಕ್ಷೆಗೆಂದು ಮೈಸೂರಿಗೆ ಒಯ್ಯುವುದೆಂದರೆ ಬಡ ಕುಟುಂಬಕ್ಕೆ ಒಂದು ದಿನದ ಕೂಲಿ ಕಳೆದಂತೆಯೇ. ಆದರೆ ಆ ಮಗುವಿನ ಹಿಮ್ಮಡಿಯಿಂದ ಸೋಸುಕಾಗದದ ಮೇಲೆ ಇಳಿಸಿ ಒಣಗಿಸಿದ ಕೆಲವು ಹನಿ ರಕ್ತ, ಮಂಜುಗಡ್ಡೆಯ ಹಂಗಿಲ್ಲದೆ ಅಂಚೆ ಲಕೋಟೆಯಲ್ಲೇ ಪ್ರಯೋಗಾಲಯವನ್ನು ಮುಟ್ಟಬಲ್ಲದು.

ಅಮೆರಿಕದ ರಾಬರ್ಟ್ ಗತ್ರಿ 1960ರ ದಶಕದಲ್ಲಿ ರೂಢಿಗೆ ತಂದ ಈ ಉಪಾಯ ನಮಗೆ ಹೊಸದಲ್ಲ. 1980ರ ದಶಕದಲ್ಲೇ ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ ಮೊದಲಾದ ವಿಜ್ಞಾನಿಗಳು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಆನುವಂಶಿಕ ದೋಷಗಳಿಗಾಗಿ ತಪಾಸಣೆ ಮಾಡಿದ್ದರು. ದುರ್ದೈವವೆಂದರೆ, ಆ ಪ್ರಯತ್ನ ಹಳ್ಳಿಯ ಪ್ರತಿ ಹೆರಿಗೆಯ ವಾಡಿಕೆಯಾಗಿ ಬೆಳೆಯಲಿಲ್ಲ.

ಈಗ ಅದಕ್ಕೆ ತುರ್ತು ಕಾರಣವಿದೆ. ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಈ ಸಿಕಲ್‌ಸೆಲ್ ದೋಷ ನೀಲಗಿರಿಯ ಬುಡಕಟ್ಟುಗಳಲ್ಲಿರುವುದು 1952ರಲ್ಲೇ ವರದಿಯಾಗಿತ್ತು. ಅದೇ ಕಾಡಿನ ಈಚೆ ಬದಿಯ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳನ್ನೂ ಅದು ಬಿಟ್ಟಿಲ್ಲ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ ಕರ್ನಾಟಕವನ್ನೂ ಒಳಗೊಂಡಿದ್ದು, 40 ವರ್ಷದವರೆಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು.

ಗುರಿ ದೊಡ್ಡದು, ಆದರೆ ತಪಾಸಣೆ ಯಾವ ವಯಸ್ಸಿನಲ್ಲಿ ಎಂಬುದು ಅಷ್ಟೇ ಮುಖ್ಯ. ಶಿಬಿರಗಳಲ್ಲಿ ಬಳಸುವ ಸರಳ ಕರಗುವಿಕೆ ಪರೀಕ್ಷೆಯನ್ನು ನವಜಾತ ಶಿಶುಗಳಲ್ಲಿ ನಂಬುವಂತಿಲ್ಲ; ಗರ್ಭಾವಸ್ಥೆಯ ಹಿಮೋಗ್ಲೋಬಿನ್ನೇ ಅವುಗಳ ರಕ್ತದಲ್ಲಿ ತುಂಬಿರುತ್ತದೆ. ಒಣಗಿದ ರಕ್ತದ ಚುಕ್ಕೆಯಿಂದಾದರೋ ಬೇರೆ ಬೇರೆ ಹಿಮೋಗ್ಲೋಬಿನ್‌ಗಳನ್ನು ಯಂತ್ರ ವಿಂಗಡಿಸಿ ತೋರಿಸುತ್ತದೆ. ರೋಗ ಮೊದಲೇ ತಿಳಿದರೆ ಎರಡು ಮೂರು ತಿಂಗಳಿನಿಂದಲೇ ಪೆನಿಸಿಲಿನ್ ಕೊಟ್ಟು ಮಾರಕ ಸೋಂಕುಗಳನ್ನು ತಡೆಯಬಹುದು. ಜ್ವರ ಬಂದು ಆಸ್ಪತ್ರೆಗೆ ಸೇರಿದ ಮೇಲೆ ಪತ್ತೆಯಾದರೆ ಆ ಅವಕಾಶ ಕೈತಪ್ಪಿರುತ್ತದೆ.

ಚಿಕಿತ್ಸೆಯೇ ಸಿಗದ ಊರಿನಲ್ಲಿ ಪರೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದ್ದರಿಂದಲೇ ಹೋದ ಕಾಗದ ಫಲಿತಾಂಶದೊಡನೆ ಮರಳಿ ಆಶಾ ಕಾರ್ಯಕರ್ತೆಯ ಕೈ ಸೇರಬೇಕು. ಪೆನಿಸಿಲಿನ್, ಹೈಡ್ರಾಕ್ಸಿಯೂರಿಯಾಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ದೊರೆಯಬೇಕು. ತಾಯಿಗೆ ಅವಳ ಭಾಷೆಯಲ್ಲಿ ತಿಳಿಹೇಳಿ ಒಪ್ಪಿಗೆ ಪಡೆಯಬೇಕು. ದೋಷದ ವಾಹಕರಾದವರು ರೋಗಿಗಳಲ್ಲ ಎಂಬುದೂ ಅರಿವಾಗಬೇಕು. ಇಲ್ಲವಾದರೆ ತಪಾಸಣೆಯ ಚೀಟಿ ಹೆಣ್ಣುಮಕ್ಕಳ ಮದುವೆಗೆ ಮುಳುವಾದೀತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಪ್ರತಿ ಹೆರಿಗೆಯಲ್ಲೂ ಈ ಕೆಲಸ ಆರಂಭವಾಗಲಿ. ನಾಲ್ಕು ದಶಕಗಳ ಹಿಂದೆಯೇ ನಮಗೆ ತಿಳಿದಿದ್ದ ದಾರಿಯಿದು. ಹಾಡಿಯ ಮಗು ಇನ್ನೂ ಕಾಯಬೇಕೆನ್ನುವುದು ಯಾವ ನ್ಯಾಯ?