ಕೋವಿಯ ಹಿಡಿಯೂ ಕಾನೂನಿನ ಹಿಡಿಯೂ

ಜಯನಗರದಲ್ಲಿ ವಾಸವಾಗಿರುವ ನಮ್ಮ ಹಿರಿಯ ಮಿತ್ರರೊಬ್ಬರು ಈಚೆಗೆ ನಾವು ಅವರ ಮನೆಗೆ ಹೋಗಿದ್ದಾಗ ಬೀರುವಿನಿಂದ ತಮ್ಮ ತಂದೆಯವರ ಕಾಲದ ರೈಫಲೊಂದನ್ನು ತೆಗೆದು ನಮ್ಮ ಮುಂದಿಟ್ಟರು. ಮೌಸರ್ ಪದ್ಧತಿಯ ಕೋವಿ, ಲೈಸೆನ್ಸು ಕ್ರಮವಾಗಿದೆ, ಉಕ್ಕಿನಲ್ಲಿ ತುಕ್ಕಿನ ಕಲೆಯಿಲ್ಲ. ಆದರೆ ಮರದ ಹಿಡಿ ಮಾತ್ರ ಕುದುರೆಯ ಹಿಂಭಾಗದಲ್ಲಿ ಸೀಳಿಹೋಗಿತ್ತು. ಯಾರೋ ಬಡಗಿ ಮೊಳೆ ಬಡಿದು ತಂತಿ ಸುತ್ತಿದ್ದ. “ಹೊಸ ಹಿಡಿ ಹಾಕಿಸೋಣವೆಂದರೆ ಯಾರ ಹತ್ತಿರ ಹೋಗಬೇಕು, ಸ್ವಾಮಿ? ಯಾರನ್ನು ಕೇಳಿದರೂ ಹೆದರುತ್ತಾರೆ” ಎಂದರು. ಪ್ರಶ್ನೆ ಒಬ್ಬರದಾದರೂ ವಿಷಯವು ಒಬ್ಬರಿಗೆ ಸೇರಿದುದಲ್ಲವೆಂದು ತೋರಿದುದರಿಂದ ವಾಚಕರ ಮುಂದಿಡುತ್ತಿದ್ದೇವೆ.

ಬೇಟೆಯ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನು ಅದಕ್ಕೆ ತೆರೆಯೆಳೆದುದು ಯುಕ್ತವೇ ಆಯಿತು. ಆದರೂ ಜಯನಗರ, ಬನಶಂಕರಿಗಳಂತಹ ಬಡಾವಣೆಗಳಲ್ಲಿ ನೆಲೆಸಿರುವ ನಿವೃತ್ತ ಸೈನಿಕರ, ಕೊಡಗು ಮಲೆನಾಡುಗಳ ತೋಟದ ಮನೆತನಗಳವರ ಬಳಿ ತಲೆಮಾರಿನಿಂದ ಬಂದ ಕೋವಿಗಳು ಇನ್ನೂ ಉಂಟು. ಕೊಡಗಿನಲ್ಲಂತೂ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಹೀಗೆ ಇಟ್ಟುಕೊಳ್ಳಲು ಕಾನೂನೇ ಒಪ್ಪಿರುವ ವಸ್ತುವನ್ನು ಸುಸ್ಥಿತಿಯಲ್ಲಿಡುವ ದಾರಿಯನ್ನೂ ಅದೇ ಕಾನೂನು ತೋರಿಸಬೇಡವೆ?

ಹಿಡಿ ಬದಲಾಯಿಸುವುದೆಂದರೆ ಗುದ್ದಲಿಗೆ ಕಾವು ಹಾಕಿದಂತೆ ಎಂದು ತಿಳಿದವರು ಮೋಸಹೋಗುತ್ತಾರೆ. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದಷ್ಟೆ. ಆ ಒದೆತವನ್ನು, ನಳಿಗೆಯ ಬುಡದಲ್ಲಿ ಉಕ್ಕಿನ ಅಡಿಗಿರುವ ಒಂದು ಉಬ್ಬು, ಮರಕ್ಕೆ ಒಪ್ಪಿಸುತ್ತದೆ. ಉಬ್ಬಿನ ಹಿಂಬದಿ ಮರಕ್ಕೆ ಸಮವಾಗಿ ತಾಗಿದ್ದರೆ ಕ್ಷೇಮ. ಕೂದಲೆಳೆಯಷ್ಟು ಸಂದಿದ್ದರೂ ಪೆಟ್ಟು ತೆಳುವಾದ ಕಡೆಗೆ ಹೋಗಿ ಹಿಡಿ ಸೀಳುತ್ತದೆ. ನಮ್ಮ ಮಿತ್ರರ ಕೋವಿಗೆ ಆಗಿದ್ದುದೂ ಬಹುಶಃ ಇದೇ. ಇದಕ್ಕಾಗಿಯೇ ಇಂದಿನ ಕುಶಲಿಗಳು ಮರದ ಗೂಡಿನಲ್ಲಿ ಎಪಾಕ್ಸಿ ಅಂಟನ್ನು ಹಾಸಿ, ಸ್ಕ್ರೂ ಹಾಯುವ ಕಡೆ ಲೋಹದ ಕೊಳವೆಗಳನ್ನು ನಿಲ್ಲಿಸಿ, ಬಿಗಿದಾಗ ಮರ ಕುಗ್ಗದಂತೆ ಮಾಡುತ್ತಾರೆ.

ಕುದುರೆಯ ಕಾಪು, ತೋಟಾ ಪೆಟ್ಟಿಗೆಯ ತಳ ಇವು ಕೂಡಿದ ಅಡಿಯ ಲೋಹಪಟ್ಟಿಯನ್ನು ಬದಲಾಯಿಸುವುದು ಇನ್ನೂ ಸೂಕ್ಷ್ಮವಾದ ಕೆಲಸ. ಹೊಸ ಪಟ್ಟಿಯ ದಪ್ಪ ಬೇರೆಯಾದರೆ ಸ್ಕ್ರೂವಿನ ಉದ್ದವೂ ಬೇರೆಯಾಗಬೇಕು. ಉದ್ದ ಹೆಚ್ಚಾದರೆ ಕೆಲವು ಮಾದರಿಗಳಲ್ಲಿ ಅದು ಬೋಲ್ಟಿನ ಹಾದಿಗೇ ಅಡ್ಡ ಬರುತ್ತದೆ. ಕಡಿಮೆಯಾದರೆ ಎರಡು ಸುತ್ತು ಮರೆಯ ಮೇಲೆ ಇಡೀ ಕೋವಿ ನಿಲ್ಲುತ್ತದೆ. ಕುದುರೆಯು ಕಾಪಿಗೆ ಉಜ್ಜಿ ಹಿಂದಿರುಗದಿದ್ದರೆ, ಇಲ್ಲವೆ ತಡೆಗೀಲು ಮರಕ್ಕೆ ತಾಗಿ ಪೂರ್ತಿ ಕೂರದಿದ್ದರೆ, ಎಳೆಯದೆಯೇ ಗುಂಡು ಹಾರುವ ಭಯವುಂಟು. ಮೊಳೆ ಬಡಿಯುವ ಬಡಗಿಗೆ ಇದು ತಿಳಿಯದು. ತಿಳಿಯಬೇಕೆಂದು ಅವನನ್ನು ದೂರುವುದೂ ನ್ಯಾಯವಲ್ಲ.

ಹಾಗಾದರೆ ತಿಳಿದವರು ಎಲ್ಲಿ? ಪರದೇಶಗಳಲ್ಲಿ ಇಂತಹ ಹಿಡಿಗಳೂ ಪಟ್ಟಿಗಳೂ ಸಿದ್ಧವಾಗಿ ಅಂಗಡಿಗಳಲ್ಲಿ ದೊರೆಯುತ್ತವೆ; ನಮ್ಮಲ್ಲಿ ಆ ಅನುಕೂಲವಿಲ್ಲ. 1959ರ ಆಯುಧ ಕಾನೂನು ‘ಆಯುಧ’ವೆಂಬ ಮಾತಿನಲ್ಲಿ ಆಯುಧದ ಭಾಗಗಳನ್ನೂ ಸೇರಿಸಿದೆ. ಲೈಸೆನ್ಸಿಲ್ಲದೆ ರಿಪೇರಿ ಮಾಡುವುದು ಅಪರಾಧ. 2019ರ ತಿದ್ದುಪಡಿಯ ತರುವಾಯ ಇದಕ್ಕೆ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯುಂಟು. ಕಳ್ಳಕೋವಿಯ ತಯಾರಕನಿಗೆ ಈ ಶಿಕ್ಷೆ ತಕ್ಕದ್ದೇ. ಆದರೆ ಅಕ್ರೋಟು ಮರದ ತುಂಡೊಂದು ಯಾವ ಗಳಿಗೆಯಲ್ಲಿ ಮರವಾಗಿರುವುದನ್ನು ಬಿಟ್ಟು ಆಯುಧದ ಭಾಗವಾಗುತ್ತದೆ ಎಂದು ಸಾಧು ಗೃಹಸ್ಥನು ಸಂದೇಹಪಟ್ಟರೆ ತಪ್ಪೇನು?

“ಇದನ್ನು ಸಡಿಲಿಸಿದರೆ ಕೋವಿಗಳು ಹೆಚ್ಚುವುದಿಲ್ಲವೆ?” ಎಂದು ಅಧಿಕಾರಿಗಳು ಕೇಳಬಹುದು. ನಾವು ಸಡಿಲಿಸಿರೆನ್ನುತ್ತಿಲ್ಲ, ಸ್ಪಷ್ಟಪಡಿಸಿರೆನ್ನುತ್ತೇವೆ. ಹಿಡಿಯಿಂದ ಗುಂಡು ಹಾರದು. ಕೋವಿಯ ಗುರುತಿನ ಸಂಖ್ಯೆ ಇರುವುದು ಉಕ್ಕಿನ ಮೇಲೆ. ಹಿಡಿ ಹೊಸದಾದ ಮಾತ್ರಕ್ಕೆ ಲೈಸೆನ್ಸಿನಲ್ಲಿ ಒಂದು ಕೋವಿ ಎರಡಾಗುವುದಿಲ್ಲ. ನ್ಯಾಯವಾದ ಕಸುಬು ಬಾಡಿದ ಕಡೆ ಕಳ್ಳಕಸುಬು ಬೆಳೆಯುತ್ತದೆಂಬುದಕ್ಕೆ ಬಿಹಾರದ ಮುಂಗೇರೇ ಸಾಕ್ಷಿ. ಅಲ್ಲಿ ಲೈಸೆನ್ಸು ಪಡೆದ ಕೋವಿಯ ಕಾರ್ಖಾನೆಗಳು ಕೆಲಸವಿಲ್ಲದೆ ಸೊರಗಿದುವು. ಅದೇ ಊರಿನ ಹೆಸರು ಕಳ್ಳಪಿಸ್ತೂಲಿಗೆ ದೇಶದಲ್ಲೆಲ್ಲ ಕುಖ್ಯಾತವಾಯಿತು. ಕೈಚಳಕವು ಸಾಯುವುದಿಲ್ಲ, ರಾಜಬೀದಿ ಮುಚ್ಚಿದರೆ ಓಣಿ ಹಿಡಿಯುತ್ತದೆ.

ಆಂಗ್ಲರು 1878ರಲ್ಲಿ ಆಯುಧ ಕಾನೂನನ್ನು ತಂದುದು ನಮ್ಮಲ್ಲಿ ಅವರಿಗಿದ್ದ ಅವಿಶ್ವಾಸದಿಂದ. 1931ರ ಕರಾಚಿ ಕಾಂಗ್ರೆಸ್ಸು ಪ್ರಜೆಗಳ ಮೂಲಭೂತ ಹಕ್ಕುಗಳನ್ನೆಣಿಸುವಾಗ ನಿಯಮಕ್ಕೆ ಒಳಪಟ್ಟು ಆಯುಧ ಧರಿಸುವ ಹಕ್ಕನ್ನೂ ಅವುಗಳಲ್ಲಿ ಸೇರಿಸಿತು. ನಿಯಮವಿರಲಿ, ಆದರೆ ಸ್ವರಾಜ್ಯದ ನಿಯಮವು ಪ್ರಜೆಗೆ ಅರ್ಥವಾಗುವಂತಿರಬೇಕು, ಅವನನ್ನು ಕಳ್ಳದಾರಿಗೆ ನೂಕುವಂತಿರಬಾರದು.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಬಿನ್ನಹ ಮೂರು. ಲೈಸೆನ್ಸುದಾರನ ಕೋವಿಗೆ ಮರದ ಹಿಡಿಯನ್ನೂ ಅಡಿಯ ಪಟ್ಟಿಯನ್ನೂ ಬದಲಾಯಿಸುವ ಕ್ರಮವನ್ನು ಒಂದು ಸುತ್ತೋಲೆಯಲ್ಲಿ ನೇರವಾದ ಕನ್ನಡದಲ್ಲಿ ತಿಳಿಸಲಿ. ಬೆಂಗಳೂರಿನಲ್ಲಿ ಲೈಸೆನ್ಸು ಕೊಡುವ ಪೋಲೀಸು ಕಮಿಷನರವರು, ರಿಪೇರಿ ಮಾಡಲು ಅಧಿಕಾರವುಳ್ಳವರ ಪಟ್ಟಿಯನ್ನು ಪ್ರತಿ ಠಾಣೆಯಲ್ಲಿಯೂ ತೂಗುಹಾಕಿಸಲಿ. ಸರ್ಕಾರಿ ಆಯುಧ ಕಾರ್ಖಾನೆಗಳು 2021ರಿಂದ ಕಂಪನಿಗಳಾಗಿವೆಯಷ್ಟೆ. ಅವುಗಳ ನೆರವಿನಿಂದ ನಾಲ್ಕಾರು ಮಂದಿ ಕನ್ನಡದ ಬಡಗಿಗಳಿಗೂ ಕಮ್ಮಾರರಿಗೂ ಈ ವಿದ್ಯೆಯನ್ನು ಕಲಿಸಿ ಲೈಸೆನ್ಸು ಕೊಡಲಿ.

ಕೋವಿಯುಳ್ಳ ಗೃಹಸ್ಥರಿಗೂ ಒಂದು ಮಾತು. ಅಲ್ಲಿಯವರೆಗೆ ಮನೆಯಲ್ಲಿ ಉಳಿ ಹಿಡಿದು ಪ್ರಯೋಗಕ್ಕೆ ಇಳಿಯಬೇಡಿರಿ. ಸೀಳಿದ ಹಿಡಿಯ ಕೋವಿಯಿಂದ ಗುಂಡು ಹಾರಿಸಬೇಡಿರಿ. ನಮ್ಮ ಮಿತ್ರರು ಈ ಮಾತನ್ನು ಒಪ್ಪಿ ಕೋವಿಯನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ತಂತಿ ಸುತ್ತಿಕೊಂಡೇ ಇನ್ನೆಷ್ಟು ದಿನ ಅಲ್ಲಿರಬೇಕೆಂಬುದಕ್ಕೆ ಉತ್ತರ ಹೇಳತಕ್ಕವರು ಸರ್ಕಾರದವರು.